ತಕ್ಕಡಿ ಸೊನ್ನೆ ತೋರಿಸದಿದ್ದಾಗ

ಹರಿಶ್ಚಂದ್ರನ ಕತೆಗೆ ಕಣ್ಣೀರು ಹಾಕುವ ಜನವೇ ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ’ ಎಂಬ ಗಾದೆಯನ್ನೂ ಕಟ್ಟಿದೆ. ಎರಡೂ ಒಂದೇ ನಾಲಿಗೆಯ ಮೇಲೆ ಇಷ್ಟು ಕಾಲ ಜಗಳವಿಲ್ಲದೆ ಬಾಳಿವೆಯೆಂದರೆ ಅವುಗಳ ನಡುವೆ ಏನೋ ಒಪ್ಪಂದ ಇರಲೇಬೇಕು. ಸ್ವಲ್ಪ ಯೋಚಿಸಿದರೆ ಅದು ಸಿಗುತ್ತದೆ. ಹರಿಶ್ಚಂದ್ರನ ಸತ್ಯಕ್ಕೆ ಹೋದ ರಾಜ್ಯ ಅವನದೇ, ಮಾರಾಟವಾದ ಹೆಂಡತಿ ಮಗ ಅವನವರೇ, ಸುಡುಗಾಡು ಕಾದವನೂ ಅವನೇ. ಪುಣ್ಯಕೋಟಿಯ ಸತ್ಯಕ್ಕೆ ಹೋಗಬೇಕಿದ್ದದ್ದು ಪುಣ್ಯಕೋಟಿಯ ಜೀವ. ಬೆಲೆಯನ್ನು ಹೇಳುವವರೇ ತೆರುವ ತನಕ ಸತ್ಯ ನಮಗೆ ಬಲು ಇಷ್ಟ. ಕೇಳಿಸಿಕೊಂಡವರು ಏನಾದರೂ ತೆರಬೇಕಾಗಿ ಬಂತೋ, ಗಾದೆಯ ಕಾಲು ಮೇಲೇಳುತ್ತದೆ. (ಗೋವಿನ ಹಾಡಿನಲ್ಲಿ ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ, ನಿಜ. ಕೇಳಿಸಿಕೊಂಡವರು ಬೆಲೆ ತೆತ್ತ ಅಪರೂಪದ ಕತೆ ಅದು. ಅಂಥ ಹುಲಿಗಳು ಸಂತೆಪೇಟೆಯಲ್ಲಿ ಸಿಗುವುದಿಲ್ಲ.)

ಈ ಒಪ್ಪಂದ ಯಾರೂ ಬರೆದಿಟ್ಟದ್ದಲ್ಲ, ಯಾರೂ ಕಲಿಸುವುದೂ ಇಲ್ಲ. ಮಕ್ಕಳು ದೊಡ್ಡವರ ಹುಬ್ಬು, ಗಂಟಲು, ಕೆಮ್ಮು ನೋಡಿ ತಾವೇ ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದುಕೊಳ್ಳಲು ಆಗದವರೂ ಇದ್ದಾರೆ. ಆಟಿಸಂ ಇರುವ ಎಷ್ಟೋ ಮಂದಿಗೆ ಕಂಡದ್ದು ಕಾಣುತ್ತದೆ, ಕೇಳಿದ್ದು ಕೇಳುತ್ತದೆ. ಅದನ್ನು ಹೇಳಬಾರದು ಎಂದು ಸುತ್ತಲಿನವರ ಮುಖ ಹೇಳುತ್ತಿರುವುದು ಮಾತ್ರ ಅವರಿಗೆ ಓದಲು ಬರುವುದಿಲ್ಲ, ಇಲ್ಲವೇ ಓದುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಒಂದು ಊರನ್ನೇ ತೆಗೆದುಕೊಳ್ಳೋಣ. ಜೋಯಿಡಾ ತಾಲ್ಲೂಕಿನ ರಾಮನಗರವನ್ನು ಬೆಳಗಾವಿಯಿಂದ ಗೋವಾಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ. ಸೂಪಾ ಅಣೆಕಟ್ಟಿನ ನೀರಿಗೆ ಮನೆ ಹೊಲ ಬಿಟ್ಟುಕೊಟ್ಟವರನ್ನು ತಂದು ನೆಲೆಗೊಳಿಸಿದ ಊರು ಅದು. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರಕ್ಕೆ ಎದ್ದ ಕಟ್ಟೆಯ ಕೆಲಸ 1987ರಲ್ಲಿ ಮುಗಿಯಿತು. ಸೂಪಾ ಎಂಬ ತಾಲ್ಲೂಕು ಕೇಂದ್ರವೇ ನೀರಿನಡಿಗೆ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆಯಲ್ಲಿ ಕೊಂಕಣಿಯೋ ಮರಾಠಿಯೋ, ಶಾಲೆ ಕಚೇರಿಗಳಲ್ಲಿ ಕನ್ನಡ, ಪೇಟೆಯಲ್ಲಿ ಮೂರೂ ಕಲಸಿದ ಮಾತು. ಬೇರೆ ಬೇರೆ ಹಳ್ಳಿಗಳಿಂದ ಎದ್ದು ಬಂದು ಒಂದೇ ಸಾಲಿನಲ್ಲಿ ಮನೆ ಹಾಕಿಕೊಂಡವರು ನಾಲಿಗೆ ಕಾಯ್ದುಕೊಂಡೇ ಬದುಕಬೇಕು. ಯಾರ ಪರಿಹಾರ ಎಷ್ಟು ಬಂತು, ಯಾರದು ಯಾರ ಕೈಗೆ ಸೇರಿತು ಎಂಬುದನ್ನೆಲ್ಲ ದಿನಾ ಎತ್ತುತ್ತ ಕೂತರೆ ಪಕ್ಕದ ಮನೆಯಲ್ಲಿ ಚಹಾ ಕುಡಿಯಲಾಗುವುದಿಲ್ಲ.

ಇಂಥ ಊರಿನ ಸಂತೆಯಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ ನೋಡೋಣ. ಅವನನ್ನು ನಾನು ಕಲ್ಪಿಸಿಕೊಂಡಿದ್ದೇನೆ. ಆದರೆ ಆಟಿಸಂ ಇರುವ ಮಕ್ಕಳ ತಾಯಂದಿರು ಅವನನ್ನು ಗುರುತು ಹಿಡಿಯುತ್ತಾರೆ. ಹತ್ತು ಹನ್ನೊಂದರ ವಯಸ್ಸು. ರೈಲಿನ ವೇಳಾಪಟ್ಟಿ ಬಾಯಿಪಾಠ. ಲೋಂಡಾದಿಂದ ಕ್ಯಾಸಲ್‌ರಾಕ್ ಕಡೆಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದರೆ ನಿಮಿಷ ತಪ್ಪದೆ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ಅಂಕಿಯೆಂದರೆ ಪ್ರಾಣ. ತಾಯಿ ಉಳ್ಳಾಗಡ್ಡಿ ಆರಿಸುತ್ತಿದ್ದಾಳೆ, ಇವನ ಕಣ್ಣು ಎಲೆಕ್ಟ್ರಾನಿಕ್ ತಕ್ಕಡಿಯ ಕೆಂಪು ಅಂಕಿಗಳ ಮೇಲಿದೆ.

‘ಕಾಕಾ, ನಿಮ್ಮ ತಕ್ಕಡಿ ಸೊನ್ನೆ ತೋರಸವಲ್ದು. ಏನೂ ಇಡದನ ಎಂಬತ್ತ ಗ್ರಾಂ ಐತಿ.’

ಸುತ್ತ ಐದಾರು ಗಿರಾಕಿಗಳಿದ್ದಾರೆ. ಎಲ್ಲರಿಗೂ ಕೇಳಿಸಿತು. ಒಬ್ಬರು ಮೆಣಸಿನಕಾಯಿ ಮುರಿದು ಮೂಸಿ ನೋಡಿದರು, ಇನ್ನೊಬ್ಬರಿಗೆ ಫೋನು ನೆನಪಾಯಿತು. ಅಂಗಡಿಯವ ಹುಡುಗನ ಮುಖ ನೋಡಲಿಲ್ಲ, ತಾಯಿಯ ಮುಖ ನೋಡಿದ. ‘ಹುಡುಗನ್ನ ಸುಮ್ನಿರಸ್ರೀ ಅಕ್ಕಾರ.’ ಹುಡುಗ ಮತ್ತೆ ಹೇಳಿದ, ಈ ಸಲ ಇನ್ನೂ ಜೋರಾಗಿ. ಮೊದಲ ಸಲ ಯಾರಿಗೂ ಕೇಳಿಸಿರಲಿಕ್ಕಿಲ್ಲ ಎಂದು ಅವನ ಲೆಕ್ಕ. ತಾಯಿ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಸಂಜೆಯೊಳಗೆ ಓಣಿಯಲ್ಲಿ ಸುದ್ದಿಯಾದದ್ದು ತಕ್ಕಡಿಯ ಎಂಬತ್ತು ಗ್ರಾಂ ಅಲ್ಲ. ‘ಹುಡುಗಗ ರೀತಿ ರಿವಾಜ ಕಲಿಸಿಲ್ಲ’ ಎಂಬುದು.

ಈ ಬೆಲೆ ತೆತ್ತವಳು ತಾಯಿ. ಹುಡುಗನಿಗೆ ಬಿದ್ದದ್ದು ಒಂದು ಗದರಿಕೆ, ಅದಕ್ಕೆ ಕಾರಣ ಅವನಿಗೆ ಹೊಳೆಯಲೂ ಇಲ್ಲ. ಮುಂದಿನ ವಾರ ಸಂತೆಗೆ ಅವನನ್ನು ಕರೆದುಕೊಂಡು ಹೋಗಬೇಕೋ ಬೇಡವೋ, ನಾದಿನಿಯ ಮನೆಯ ಸತ್ಯನಾರಾಯಣ ಪೂಜೆಗೆ ಒಬ್ಬಳೇ ಹೋಗಬೇಕೋ ಎಂದು ತೂಗುತ್ತ ಕೂರುವವಳು ಅವಳು. ಆಟಿಸಂ ಇರುವ ಮಕ್ಕಳ ಮನೆಗಳು ಒಂದೊಂದಾಗಿ ಮದುವೆ, ಮುಂಜಿ, ಜಾತ್ರೆಗಳಿಂದ ಕಳಚಿಕೊಳ್ಳುವುದು ಹೀಗೆಯೇ. ಯಾರೂ ಬಹಿಷ್ಕಾರ ಹಾಕುವುದಿಲ್ಲ, ಅವರೇ ಬರುವುದನ್ನು ಬಿಡುತ್ತಾರೆ.

ಈಗ ಅದೇ ಹುಡುಗನನ್ನು ಸಾವಿನ ಮನೆಗೆ ಕರೆದುಕೊಂಡು ಹೋಗೋಣ. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಅಜ್ಜ ತೀರಿಕೊಂಡಿದ್ದಾನೆ. ಸೊಸೆ ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ಹುಡುಗ ನಿಂತು ನೋಡಿ ಕೇಳುತ್ತಾನೆ: ‘ಮಾವಶಿ, ಅಜ್ಜ ಲಗೂನ ಹೋದ್ರ ಎಲ್ಲಾರಿಗೂ ಬಿಡುಗಡಿ ಅಂತ ನೀವ ಮೊನ್ನೆ ಅಂದ್ರೆಲ್ಲಾ. ಈಗ್ಯಾಕ ಅಳಾಕತ್ತೀರಿ?’

ಇದೂ ಸತ್ಯ. ಅವಳು ಹಾಗೆ ಅಂದದ್ದು ನಿಜ, ಈಗ ಅಳುತ್ತಿರುವುದೂ ನಿಜ. ಮಲಮೂತ್ರ ಬಳಿದು ಬಳಿದು ಸೋತ ಹೆಂಗಸೊಬ್ಬಳು ಬಿಡುಗಡೆ ಬಯಸಬಹುದು, ಬಿಡುಗಡೆ ಸಿಕ್ಕಾಗ ಅಳಲೂಬಹುದು. ಅವೆರಡೂ ಒಂದೇ ಎದೆಯಲ್ಲಿ ಇರುತ್ತವೆ ಎಂಬುದನ್ನು ಹತ್ತು ಜನರ ನಡುವೆ ಎತ್ತಿ ತೋರಿಸಿದರೆ ಯಾರಿಗೂ ಏನೂ ಸಿಗುವುದಿಲ್ಲ, ಅವಳೊಬ್ಬಳು ಕುಸಿಯುತ್ತಾಳೆ. ಇಲ್ಲಿ ಸುಮ್ಮನಿರುವುದು ಕರುಣೆ. ತಕ್ಕಡಿಯ ಮುಂದೆ ಸುಮ್ಮನಿದ್ದದ್ದು ಏನು?

ಆಟಿಸಂ ಇರುವವರ ನೇರ ಮಾತನ್ನು ಹೊಗಳುವವರು ಒಂದು ಕಡೆ, ತಿದ್ದಬೇಕೆನ್ನುವವರು ಇನ್ನೊಂದು ಕಡೆ. ಇಬ್ಬರೂ ಹುಡುಗನನ್ನೇ ನೋಡುತ್ತಾರೆ. ನನಗೆ ಸುತ್ತ ನಿಂತವರನ್ನು ನೋಡಬೇಕೆನ್ನಿಸುತ್ತದೆ. ಸಂತೆ ಮತ್ತು ಸಾವಿನ ಮನೆಯ ವ್ಯತ್ಯಾಸ ಹುಡುಗನಿಗೆ ತಿಳಿಯುವುದಿಲ್ಲ, ಒಪ್ಪೋಣ. ನಮಗೆ ತಿಳಿಯುತ್ತದೆ. ತಿಳಿದೂ ನಾವು ಎರಡು ಕಡೆಯೂ ಒಂದೇ ರೀತಿ ನಡೆದುಕೊಳ್ಳುತ್ತೇವೆ, ಎರಡನ್ನೂ ಸಂಸ್ಕಾರದ ಖಾತೆಗೇ ಬರೆಯುತ್ತೇವೆ. ಸಾವಿನ ಮನೆಯಲ್ಲಿ ತೋರಿದ ಕರುಣೆಯ ಮರೆಯಲ್ಲಿ ಸಂತೆಯ ಅಳುಕನ್ನು ನಿಲ್ಲಿಸಿಬಿಟ್ಟಿದ್ದೇವೆ. ಹುಡುಗ ಅಲ್ಲೂ ಬಾಯಿ ಬಿಡುತ್ತಾನೆ, ಇಲ್ಲೂ ಬಿಡುತ್ತಾನೆ. ಹಾಗಾಗಿ ಅವನ ಮುಂದೆ ಆ ಮರೆ ನಿಲ್ಲುವುದಿಲ್ಲ. ಅವನ ಮೇಲೆ ನಮಗೆ ಬರುವ ಸಿಟ್ಟಿನಲ್ಲಿ ಅರ್ಧ ಪಾಲು ಇದರದ್ದು.

ಹಿತವಲ್ಲದ ಸತ್ಯವನ್ನು ಆಡಬೇಡ ಎಂಬ ಸ್ಮೃತಿಯ ಮಾತನ್ನು ಇಂಥ ಹೊತ್ತಿನಲ್ಲಿ ಹಿರಿಯರು ನೆನಪಿಸುವುದುಂಟು. ಅದೇ ಶ್ಲೋಕದ ಉಳಿದ ಅರ್ಧ, ಹಿತವಾಗಿದೆಯೆಂದು ಸುಳ್ಳನ್ನೂ ಆಡಬೇಡ ಎನ್ನುತ್ತದೆ. ಮೊದಲರ್ಧ ಬಾಯಿಪಾಠವಾದಷ್ಟು ಎರಡನೆಯದು ಆಗಿಲ್ಲ.

ಹಿತವಾದ ಸುಳ್ಳನ್ನು ಮಕ್ಕಳು ಕಲಿಯುವ ಬಗೆಯನ್ನು ಮನೋವಿಜ್ಞಾನಿಗಳು ಅಳೆದು ನೋಡಿದ್ದಾರೆ. ಕೆನಡಾದಲ್ಲಿ ವಿಕ್ಟೋರಿಯಾ ತಲ್ವಾರ್ ಮತ್ತು ಸಂಗಡಿಗರು ಮಾಡಿದ, 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಕ್ಕಳ ಕೈಗೆ ಉಡುಗೊರೆಯ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಒಳಗೆ ಒಂದು ಸಾಬೂನು. ಇಷ್ಟವಾಯಿತೇ ಎಂದು ಕೊಟ್ಟವರು ಕೇಳಿದಾಗ ಬಹುಪಾಲು ಮಕ್ಕಳು ಹೌದೆಂದೇ ಹೇಳಿದವು. ಶಾಲೆಗೆ ಹೋಗುವ ಮೊದಲೇ ಈ ವಿದ್ಯೆ ಬಂದಿರುತ್ತದೆ, ವಯಸ್ಸು ಏರಿದಂತೆ ನಾಜೂಕಾಗುತ್ತದೆ. ಆಟಿಸಂ ಇರುವ ಮಕ್ಕಳಿಗೆ ಸುಳ್ಳು ಬರುವುದೇ ಇಲ್ಲ ಎಂಬ ಮಾತು ಮಾತ್ರ ಸರಿಯಲ್ಲ. ಅವರೂ ಹೇಳುತ್ತಾರೆ. ಹೇಳಿದ ಸುಳ್ಳನ್ನು ಮುಂದಿನ ನಾಲ್ಕು ಪ್ರಶ್ನೆಗಳ ಉದ್ದಕ್ಕೂ ಬಿಡದೆ ಕಾಯುವುದು ಅವರಿಗೆ ಕಷ್ಟ ಎಂದು 2011ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಅವರನ್ನು ಸತ್ಯದ ಅವತಾರ ಮಾಡಿ ಕೂರಿಸುವುದರಿಂದ ಅವರಿಗೇನೂ ಉಪಕಾರವಿಲ್ಲ. ಹರಿಶ್ಚಂದ್ರನಿಗೆ ಸುಳ್ಳಾಡುವ ದಾರಿ ತೆರೆದಿತ್ತು, ಅವನು ಬೇಡವೆಂದ. ಅದಕ್ಕೇ ಅವನ ಕತೆ. ನಮ್ಮ ಹುಡುಗನಿಗೆ ಎಷ್ಟೋ ಸಲ ಆ ಎರಡನೆಯ ದಾರಿ ಕಣ್ಣಿಗೇ ಬೀಳುವುದಿಲ್ಲ. ಅವನದು ಧೈರ್ಯವೂ ಅಲ್ಲ, ಒರಟುತನವೂ ಅಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2021ರಲ್ಲಿ ನರವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂದ ಮತ್ತೊಂದು ಪ್ರಯೋಗ. ದುಡ್ಡು ತೆಗೆದುಕೋ, ಆದರೆ ನೀನು ತೆಗೆದುಕೊಂಡರೆ ಕೆಟ್ಟ ಕೆಲಸ ಮಾಡುವ ಸಂಸ್ಥೆಯೊಂದಕ್ಕೂ ದುಡ್ಡು ಹೋಗುತ್ತದೆ ಎಂಬ ಷರತ್ತು. ಒಮ್ಮೆ ಇನ್ನೊಬ್ಬರು ನೋಡುತ್ತಿರುವಾಗ, ಒಮ್ಮೆ ಯಾರೂ ಇಲ್ಲದಾಗ. ಆಟಿಸಂ ಇಲ್ಲದವರು ನೋಡುವವರಿದ್ದಾಗ ಒಂದು ರೀತಿ, ಇಲ್ಲದಾಗ ಒಂದು ರೀತಿ ನಡೆದುಕೊಂಡರು. ಆಟಿಸಂ ಇದ್ದವರು ಎರಡೂ ಸಲ ಬೇಡವೆಂದೇ ತಳ್ಳಿದ್ದು ಹೆಚ್ಚು. ಊರ ಬಾವಿಕಟ್ಟೆಯ ಮೇಲೆ ಕೂತು ಈ ಕತೆ ಹೇಳಿದರೆ ಯಾರು ಮೆಚ್ಚುಗೆಗೆ ಯೋಗ್ಯರು ಎಂದು ಚಿಕ್ಕ ಮಕ್ಕಳೂ ಹೇಳುತ್ತವೆ. ಸಂಶೋಧಕರು ಮಾತ್ರ ಇದನ್ನು ನೈತಿಕ ನಿಯಮಕ್ಕೆ ಅತಿಯಾಗಿ ಅಂಟಿಕೊಳ್ಳುವ ಬಿಗಿತನ, ಬಾಗಲಾಗದ ಸ್ವಭಾವ ಎಂದು ವಿವರಿಸಿದರು. ಆಟಿಸಂ ಇರುವವರೇ ಮೊದಲ್ಗೊಂಡು ಹಲವರು ಆಕ್ಷೇಪ ಎತ್ತಿದರು. ಯಾರೂ ಇಲ್ಲದಾಗಲೂ ಪ್ರಾಮಾಣಿಕನಾಗಿರುವುದು ಕೊರತೆಯ ಪಟ್ಟಿಗೆ ಸೇರಿಬಿಟ್ಟಿತು. ಅಳತೆಗೋಲು ನಮ್ಮ ಕೈಯಲ್ಲೇ ಇದ್ದರೆ ನಾವು ಯಾವತ್ತೂ ಉದ್ದವೇ.

ಈ ಒಮ್ಮುಖದ ಅಳತೆಯ ಮೇಲೆ ಬ್ರಿಟನ್ನಿನ ಸಮಾಜವಿಜ್ಞಾನಿ, ತಾವೇ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಕೈಯಿಟ್ಟರು. ಆಟಿಸಂ ಇರುವವರಿಗೆ ನಾವು ಅರ್ಥವಾಗುವುದಿಲ್ಲ ಎನ್ನುತ್ತೇವಲ್ಲ, ನಮಗೂ ಅವರು ಅರ್ಥವಾಗುವುದಿಲ್ಲ. ಕಂದರಕ್ಕೆ ಎರಡು ದಡ ಎಂಬುದು ಮಿಲ್ಟನ್ ವಾದದ ತಿರುಳು. ಆಮೇಲೆ ಎಡಿನ್‌ಬರೋದಲ್ಲಿ ಕಿವಿಯಿಂದ ಕಿವಿಗೆ ಕತೆ ದಾಟಿಸುವ ಆಟದಂಥ ಪ್ರಯೋಗ ನಡೆಯಿತು. ಆಟಿಸಂ ಇರುವವರಷ್ಟೇ ಇದ್ದ ಸಾಲಿನಲ್ಲಿ ಕತೆ ಉಳಿದವರ ಸಾಲಿನಲ್ಲಿ ಸಾಗಿದಷ್ಟೇ ಚೆನ್ನಾಗಿ ಸಾಗಿತು. ಹೆಚ್ಚು ಸೋರಿಹೋದದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ.

ಕೇಳುವವರಿಗೆ ಬೆಲೆ ಬೀಳುವ ಸತ್ಯವನ್ನು ಆಟಿಸಂ ಇಲ್ಲದವರೂ ಆಡಿದ್ದಾರೆ, ಹೇಗೆ ತೆತ್ತರು ಎಂಬುದೂ ನಮ್ಮ ಕಣ್ಣ ಮುಂದಿದೆ. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ ರಾಮನಗರವೂ ಸೇರುವ ಕೆನರಾ ಲೋಕಸಭಾ ಕ್ಷೇತ್ರದಿಂದ ನಿಂತರು. ಜ್ಞಾನಪೀಠ ಪಡೆದ, ಎಂಬತ್ತು ದಾಟಿದ ಅಜ್ಜನನ್ನು ಜನ ಗೌರವದಿಂದ ಕೇಳಿಸಿಕೊಂಡರು, ಗೌರವದಿಂದಲೇ ಸೋಲಿಸಿದರು. ಸೂಪಾದ ಕೆಳಗೆ ಅದೇ ಕಾಳಿಯ ದಂಡೆಯ ಮೇಲೆ ಕಟ್ಟುತ್ತಿದ್ದ ಆ ಸ್ಥಾವರದ ಗುಮ್ಮಟದ ಒಳಮೈ 1994ರ ಮೇ ತಿಂಗಳಲ್ಲಿ ಕಳಚಿ ಬಿತ್ತು. ಆಗಿನ್ನೂ ಘಟಕ ಶುರುವಾಗಿರಲಿಲ್ಲ. ಅದೇ 1989ರಲ್ಲಿ, ನೆರೆಯ ಧಾರವಾಡದಲ್ಲಿ, ಸಂಶೋಧಕ ಎಂ. ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಗ್ರಂಥದಲ್ಲಿ ಬರೆದ ಸಂಶೋಧನೆಯ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ಇವರಿಬ್ಬರಿಗೆ ನಾನು ಯಾವ ಹಣೆಪಟ್ಟಿಯನ್ನೂ ಅಂಟಿಸುತ್ತಿಲ್ಲ. ಸತ್ತ ದೊಡ್ಡವರಿಗೆಲ್ಲ ಆಟಿಸಂ ಇತ್ತೆಂದು ಹುಡುಕುವ ಈಚಿನ ಚಟ ನನಗೆ ಸೇರುವುದಿಲ್ಲ. ಹೇಳಬೇಕಾದದ್ದು ಇಷ್ಟು: ಕಾರಂತರಿಗೆ ತಾವು ಏನು ಹೇಳುತ್ತಿದ್ದೇವೆ, ಯಾರಿಗೆ ಸಿಟ್ಟು ಬರುತ್ತದೆ, ಎಷ್ಟು ಮತ ಬೀಳದೆ ಹೋಗಬಹುದು ಎಂಬ ಅಂದಾಜು ಇದ್ದಿರಲೇಬೇಕು. ಬಿದ್ದರೆ ಆನಿಕೊಳ್ಳಲು ಅವರ ಬೆನ್ನಿಗೆ ಒಂದು ಆಯುಷ್ಯದ ಬರಹ, ಹೆಸರು, ಓದುಗರು ಇದ್ದರು. ಸಂತೆಯ ಹುಡುಗನಿಗೆ ಒದೆ ಬರುತ್ತದೆ ಎಂಬ ಮುನ್ಸೂಚನೆಯೂ ಇಲ್ಲ, ಬಂದಾಗ ಆನಿಕೊಳ್ಳಲು ಗೋಡೆಯೂ ಇಲ್ಲ. ತಿಳಿದು ತೆತ್ತವರನ್ನೇ ಹೀಗೆ ನಡೆಸಿಕೊಂಡ ನಾಡು, ತಿಳಿಯದೆ ತೆರುವವರಿಂದ ಎಷ್ಟು ವಸೂಲು ಮಾಡುತ್ತಿರಬಹುದು ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಆದರೆ ಈ ಬೆಲೆ ಪ್ರಕೃತಿ ನಿಗದಿ ಮಾಡಿದ್ದಲ್ಲ. ರಾಮನಗರದ ಜಿಲ್ಲೆಯಲ್ಲೇ ಇರುವ ಮುಂಡಗೋಡಿಗೆ ಹೋಗಿ ನೋಡಬಹುದು. 1966ರಿಂದ ಅಲ್ಲಿ ಟಿಬೆಟಿಯನ್ನರ ವಸಾಹತು ಇದೆ; ಗಾದೆನ್, ಡ್ರೆಪುಂಗ್ ಮಠಗಳ ಅಂಗಳದಲ್ಲಿ ಭಿಕ್ಷುಗಳ ತರ್ಕ ನಡೆಯುತ್ತದೆ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ಕೇಳುವವನು ನಿಂತಿರುತ್ತಾನೆ, ಎಡಗಾಲು ಕುಟ್ಟಿ, ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಮುಖದ ಮೇಲೆ ಎಸೆಯುತ್ತಾನೆ. ನಿನ್ನ ಮಾತು ಹಿಂದಿನ ಮಾತಿಗೆ ಹೊಂದಲಿಲ್ಲ ಎಂದು ಎಲ್ಲರೆದುರು ಕೂಗುತ್ತಾನೆ. ಹೊಸಬರು ನೋಡಿದರೆ ಹೊಡೆದಾಟ ಶುರುವಾಯಿತು ಎಂದುಕೊಳ್ಳಬೇಕು. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಹೋಗುತ್ತಾರೆ. ಪಾಲಿಗೆ ಬಂದ ಪ್ರಶ್ನೆಯನ್ನು ಮೆತ್ತಗೆ ಕೇಳಿ ಬಿಟ್ಟವನು ಅಲ್ಲಿ ಒಳ್ಳೆಯ ವಿದ್ಯಾರ್ಥಿ ಅನ್ನಿಸಿಕೊಳ್ಳುವುದಿಲ್ಲ. ಹೊತ್ತು, ಜಾಗ, ನಿಯಮ ಮೂರನ್ನೂ ಮೊದಲೇ ಗೊತ್ತುಮಾಡಿಟ್ಟಿರುವುದರಿಂದ ಕಟು ಮಾತಿಗೆ ಅಲ್ಲಿ ದಂಡವಿಲ್ಲ.

ಘಟ್ಟದ ಕೆಳಗೆ ಅಂಕೋಲೆಯ ಕಡೆ ಸುಗ್ಗಿಯ ಹೊತ್ತಿಗೆ ‘ಹಗರಣ’ ಕಟ್ಟುತ್ತಾರೆ. ವೇಷ ಹಾಕಿ ಊರ ದೊಡ್ಡವರ ಹುಳುಕನ್ನು ಬೀದಿಯಲ್ಲೇ ಆಡಿ ತೋರಿಸುವ ಆ ದಿನ ಯಾರೂ ಸಿಟ್ಟಾಗುವ ಹಾಗಿಲ್ಲ. ಮುಖವಾಡ ಹಾಕಿಕೊಂಡವರು ನಿಜ ಆಡಬಹುದು ಎಂಬುದು ಅಲ್ಲಿನ ಕಟ್ಟಳೆ. ಆಟಿಸಂ ಇರುವವರಿಗೆ ನಾವು ವಿಧಿಸುವ ಕಟ್ಟಳೆ ಇದರ ತಿರುವುಮುರುವು: ನಿಜ ಆಡದಿರಲು ಮುಖವಾಡ ಹಾಕಿಕೋ, ಅದೂ ವರ್ಷವಿಡೀ. ಹಾಗೆ ಹಾಕಿಕೊಂಡು ಬೆಳೆದು ನೌಕರಿ ಸೇರಿದವರು ಇದ್ದಾರೆ. ಕಣ್ಣಿಗೆ ಕಣ್ಣು ಎಷ್ಟು ಹೊತ್ತು ಕೂಡಿಸಬೇಕು, ಯಾವ ಜೋಕಿಗೆ ಎಷ್ಟು ನಗಬೇಕು ಎಂದು ಒಳಗೇ ಎಣಿಸುತ್ತ ದಿನ ತಳ್ಳಿ, ಸಂಜೆ ಮನೆಗೆ ಬಂದು ಕತ್ತಲೆ ಕೋಣೆ ಸೇರುವವರು. ಈ ನಟನೆಗೂ ಖಿನ್ನತೆಗೂ, ಬದುಕೇ ಬೇಡವೆನ್ನಿಸುವ ಯೋಚನೆಗಳಿಗೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ. ಸುಮ್ಮನಿರಿಸುವ ತರಬೇತಿ ಬಿಟ್ಟಿಯಾಗಿ ಸಿಗುವುದಿಲ್ಲ.

ಇಷ್ಟು ಹೊತ್ತೂ ಮಾತಾಡುವ ಹುಡುಗನ ಬಗ್ಗೆ ಮಾತಾಡಿದೆ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಮೊದಲು ಬರೆದಾಗಲೇ ಅವರಲ್ಲಿ ಮೂವರಿಗೆ ಮಾತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಆಟಿಸಂ ಎಂಬ ಹೆಸರೇ ಸಿಗದೆ ‘ಮೂಗ’, ‘ಮಳ್ಳ’ ಅನ್ನಿಸಿಕೊಂಡು ಬೆಳೆದವರು ಎಷ್ಟೋ. ಅವರೂ ಕಂಡದ್ದನ್ನು ಹೇಳುತ್ತಾರೆ, ಮೈಯಿಂದ. ಗಣೇಶ ಚೌತಿಯ ಡಿಜೆ ಓಣಿಗೆ ಬಂದಾಗ ಕಿವಿ ಮುಚ್ಚಿ ನೆಲಕ್ಕೆ ಬಿದ್ದು ಕಿರುಚುವ ಹುಡುಗಿ ಹೇಳುತ್ತಿರುವುದು, ತೊಟ್ಟಿಲ ಕೂಸು, ಎದೆರೋಗದ ಅಜ್ಜಿ, ನಾಳೆ ಪರೀಕ್ಷೆ ಇರುವ ಹುಡುಗ ಎಲ್ಲರಿಗೂ ಅನ್ನಿಸುತ್ತಿರುವುದನ್ನೇ. ಅವಳನ್ನು ಒಳಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಡಿಜೆ ಮುಂದೆ ಸಾಗುತ್ತದೆ.

ಇನ್ನು ಉಳಿದದ್ದು ಎಲ್ಲಕ್ಕಿಂತ ಬಿಸಿಯಾದ ಸತ್ಯ: ‘ನಮ್ಮ ಹುಡುಗಗ ಆಟಿಸಂ ಐತಿ.’ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲೂ ಇದೆ. ಪ್ರಮಾಣಪತ್ರ ಬೇಕೆಂದರೆ ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗಿದೆ. ರಾಮನಗರದವರಿಗೆ ಅದಕ್ಕಿಂತ ಬೆಳಗಾವಿ ಹತ್ತಿರ. ಅಷ್ಟು ದೂರ ಹೋಗಿ, ಕಡತದಲ್ಲಿ ಬರೆಸಿಕೊಂಡು, ಕಾರ್ಡು ತಂದು ಟ್ರಂಕಿನ ತಳಕ್ಕೆ ಹಾಕುತ್ತಾರೆ. ಕೇಳಿದವರಿಗೆ ‘ಮಾತ ಸ್ವಲ್ಪ ತಡಾ, ಅವನ ಕಾಕಾಗೂ ಹಂಗ ಇತ್ತು’ ಎನ್ನುತ್ತಾರೆ. ಕಾರಣ ಸರಳ. ಹುಡುಗನ ಅಕ್ಕ ಮದುವೆಗೆ ಬಂದಿದ್ದಾಳೆ.

ಆ ಅಕ್ಕನನ್ನು ನೋಡಲು ಗಂಡಿನವರು ಬಂದಿದ್ದಾರೆ ಎಂದುಕೊಳ್ಳಿ. ಹುಡುಗನನ್ನು ಹಿತ್ತಲಿಗೆ ಕಳಿಸಿದ್ದಾರೆ, ಅವನು ಉಪ್ಪಿಟ್ಟಿನ ವಾಸನೆ ಹಿಡಿದು ಪಡಸಾಲೆಗೇ ಬರುತ್ತಾನೆ. ‘ಏನ್ ಓದಾಕತ್ತೀಪಾ?’ ಎಂದು ಗಂಡಿನ ತಂದೆ ಕೇಳಿದರೆ ಇಷ್ಟೂ ಹೇಳುತ್ತಾನೆ: ಯಾವ ಇಯತ್ತೆ, ಯಾವ ಡಾಕ್ಟರು, ಏನು ಕಾಯಿಲೆ ಅಂದರು, ಕಾರ್ಡು ಎಲ್ಲಿದೆ. ಇಂಥಲ್ಲಿ ಸಂಬಂಧ ಮುರಿದರೆ ಮುರಿಯಲಿ ಬಿಡಿ ಎನ್ನುವುದು ಲೇಖನ ಬರೆಯುವವನಿಗೆ ಸುಲಭ. ಆ ಬೆಲೆ ನನ್ನ ಜೇಬಿನಿಂದ ಹೋಗುವುದಿಲ್ಲ, ಒಬ್ಬ ಹುಡುಗಿಯ ವರ್ಷಗಳಿಂದ ಹೋಗುತ್ತದೆ. ಆದರೂ ಮುರಿದದ್ದು ಹುಡುಗನ ಬಾಯಿಂದ ಎಂದು ಯಾರಾದರೂ ಅಂದರೆ ನಾನು ಒಪ್ಪಲಾರೆ. ಅವನು ಬಿಚ್ಚಿದ್ದು ದೊಡ್ಡವರು ಕಟ್ಟಿಟ್ಟ ಗಂಟನ್ನು. ಮಾತುಕತೆಗೆ ಬಂದ ಮಧ್ಯಸ್ಥರಿಗೆ ಮೊದಲ ದಿನವೇ, ಚಹಾ ಆರುವ ಮುಂಚೆ ಅಪ್ಪನೇ ಹೇಳಿಬಿಟ್ಟ ಮನೆಯೂ ಇರುತ್ತದೆ. ಅಲ್ಲಿಗೆ ಬರುವ ಗಂಡಿನವರು ಕಡಿಮೆ, ಬಂದವರು ತಿಳಿದೇ ಬಂದಿರುತ್ತಾರೆ. ಆ ಪಡಸಾಲೆಯಲ್ಲಿ ಹುಡುಗನಿಗೆ ಹೊರಗೆಡವಲು ಏನೂ ಉಳಿದಿರುವುದಿಲ್ಲ. ಉಪ್ಪಿಟ್ಟು ತಿಂದು, ಬೀಗರಾಗಲಿರುವವರಿಗೆ ವಾಪಸು ಹೋಗಲು ಲೋಂಡಾದಿಂದ ಯಾವ ಗಾಡಿ ಎಷ್ಟು ಹೊತ್ತಿಗೆ ಎಂದು ಹೇಳಿ, ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದೂ ಸೇರಿಸಿ ಎದ್ದು ಹೋಗುತ್ತಾನೆ.